ಸಹವಾಸ ನಷ್ಟ

ಜನವರಿ ೯

ಏನನ್ನೂ ಬರೆದಿಡಬೇಡಿ ಎಂದು ವಕೀಲೆ ಹೇಳಿಹೋದಳು. ಬರೆದದ್ದನ್ನೆಲ್ಲ ಎದುರು ಪಕ್ಷದವರು ಹಕ್ಕಿನಿಂದ ಕೇಳಿ ಪಡೆಯಬಹುದಂತೆ. ಅದನ್ನು ಕೇಳಿದ ಮೇಲೆಯೇ ನನಗೆ ಬರೆಯುವ ಆಸೆ ಹುಟ್ಟಿದ್ದು. ನನ್ನ, ಅಂದರೆ ಎಲ್ಡನ್ ಪ್ರಿಬಿಲ್ ಎಂಬ ಕಾರು ಕಲಿಸುವ ನಿವೃತ್ತ ಶಿಕ್ಷಕನ ಮಾತನ್ನು ಅಮೆರಿಕದ ಈ ಮ್ಯಾನಿಟೊವಾಕ್ ಊರಿನಲ್ಲಿ ಇದುವರೆಗೆ ಯಾರೂ ಕೇಳಿ ಪಡೆದದ್ದಿಲ್ಲ.

ಆದದ್ದು ಇಷ್ಟು. ಹೋದ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ನನ್ನ ಹೆಂಡತಿ ಜೆನೆವೀವ್ ವಿದ್ಯುತ್ ಕುಕ್ಕರಿನಲ್ಲಿ ಬಟಾಣಿ ಸೂಪ್ ಮಾಡುತ್ತಿದ್ದಳು. ಕಂಪನಿಯ ಹೆಸರು ಗ್ಲಾಡ್‌ಹಾರ್ತ್, ಅಂದರೆ ಸಂತೋಷದ ಒಲೆ. ಒಳಗಿನ ಹಬೆ ಪೂರ್ತಿ ಇಳಿಯುವ ತನಕ ಮುಚ್ಚಳ ತಿರುಗುವುದೇ ಇಲ್ಲ ಎಂದು ಪೆಟ್ಟಿಗೆಯ ಮೇಲೆ, ನಗುವ ಹೆಂಗಸಿನ ಚಿತ್ರದ ಕೆಳಗೆ, ದಪ್ಪಕ್ಷರದಲ್ಲಿ ಬರೆದಿತ್ತು. ಮುಚ್ಚಳಕ್ಕೆ ಓದಲು ಬರುತ್ತಿರಲಿಲ್ಲ. ತಿರುಗಿತು. ನಾನು ನೆಲಮಾಳಿಗೆಯಲ್ಲಿ ಫುಟ್‌ಬಾಲ್ ನೋಡುತ್ತಿದ್ದೆ. ಮೇಲೆ ಹೋಗಿ ನೋಡಿದರೆ ಸೂಪ್ ಚಾವಣಿಯಲ್ಲಿತ್ತು, ಉಳಿದದ್ದು ಅವಳ ಮೇಲಿತ್ತು. ಬಟಾಣಿ ಸೂಪು ನೀರಿನಂತೆ ಹರಿದುಹೋಗುವುದಿಲ್ಲ, ಅಂಟಿಕೊಂಡು ಬೇಯಿಸುತ್ತದೆ. ಕುತ್ತಿಗೆ, ಎದೆಯ ಬಲಭಾಗ, ಭುಜದಿಂದ ಬೆರಳಿನ ತನಕ ಬಲಗೈ. ಮಿಲ್ವಾಕಿ ಆಸ್ಪತ್ರೆಯಲ್ಲಿ ತೊಡೆಯ ಚರ್ಮ ಕಿತ್ತು ಕೈಗೆ ಹಚ್ಚಿದರು. ಕ್ರಿಸ್‌ಮಸ್ಸಿಗೆ ಮನೆಗೆ ಬಂದಳು.

ಇದರಲ್ಲಿ ಒಂದು ತಮಾಷೆಯಿದೆ. ಹೊಸ ವರ್ಷ ಕಳೆದ ಮೇಲೆ ಜೆನೆವೀವ್ ಡುಲೂತ್‌ನಲ್ಲಿರುವ ಅಕ್ಕನ ಮನೆಗೆ ಹೋಗಿಬಿಡುವುದೆಂದು ನಾವಿಬ್ಬರೂ ಅಕ್ಟೋಬರಿನಲ್ಲೇ ತೀರ್ಮಾನಿಸಿಯಾಗಿತ್ತು. ಜಗಳವೇನೂ ಆಗಿರಲಿಲ್ಲ. ಜಗಳವಾಡಲೂ ಒಂದಿಷ್ಟು ಆಸಕ್ತಿ ಬೇಕು. ನಾನು ಮಲಗುವುದನ್ನು ನೆಲಮಾಳಿಗೆಗೆ ಬದಲಾಯಿಸಿ ಎಷ್ಟೋ ಕಾಲವಾಗಿತ್ತು. ಮಕ್ಕಳಿಲ್ಲ, ಹಾಗಾಗಿ ಯಾರಿಗೂ ವಿವರಣೆ ಕೊಡಬೇಕಿರಲಿಲ್ಲ.

ವಕೀಲೆ ಟ್ರೂಡಿ ನೋವಾಕ್ ಅಡುಗೆಮನೆಯ ಮೇಜಿಗೆ ಕೂತು ಹೇಳಿದಳು: "ಕಂಪನಿ ಮೇಲಿನ ಈ ಕೇಸಲ್ಲಿ ವಾದಿಗಳು ಇಬ್ಬರು. ನಿಮ್ಮ ಹೆಂಡತಿ, ಮತ್ತೆ ನೀವು."

"ನನಗೇನಾಗಿದೆ? ನಾನು ಕೆಳಗಿದ್ದೆ."

"ನಿಮಗೆ ದಾಂಪತ್ಯ ಸಹವಾಸ ನಷ್ಟ ಆಗಿದೆ ಸರ್. ಕಾನೂನಲ್ಲಿ ಹಾಗೇ ಕರೀತಾರೆ. ಹೆಂಡತಿಯ ಒಡನಾಟ ತಪ್ಪಿದ್ದಕ್ಕೆ ಗಂಡನೂ ಪರಿಹಾರ ಕೇಳಬಹುದು."

ಜೆನೆವೀವ್ ನಕ್ಕುಬಿಟ್ಟಳು. ತಕ್ಷಣ ಎಡಗೈಯಿಂದ ಕುತ್ತಿಗೆ ಹಿಡಿದುಕೊಂಡಳು. ನಕ್ಕರೆ ಅಲ್ಲಿಯ ಚರ್ಮ ಎಳೆಯುತ್ತದೆ.


ಜನವರಿ ೧೬

ಮನೆಗೆ ಬರುತ್ತಿದ್ದ ನರ್ಸ್ ಇನ್ನು ಬರುವುದಿಲ್ಲ. ಜೆನೆವೀವ್ ಚೇತರಿಸಿಕೊಂಡಿದ್ದಾಳೆ ಎಂದು ವಿಮಾ ಕಂಪನಿಯವರು, ಅವಳನ್ನು ಒಮ್ಮೆಯೂ ನೋಡದೆ, ಕಂಡುಹಿಡಿದಿದ್ದಾರೆ. ದೂರದೃಷ್ಟಿ ಎಂದರೆ ಇದು. ಹೋಗುವ ಮುಂಚೆ ನರ್ಸ್ ನನಗೆ ಬ್ಯಾಂಡೇಜು ಬಿಚ್ಚುವುದು, ತೊಳೆಯುವುದು, ಮುಲಾಮು ಹಚ್ಚಿ ಮತ್ತೆ ಸುತ್ತುವುದು ತೋರಿಸಿಕೊಟ್ಟಳು. ಇವತ್ತು ನಾನೇ ಮಾಡಿದೆ. ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಮೊದಲ ಸಲ. ಅದರ ಬಗ್ಗೆ ಬರೆಯುವುದಿಲ್ಲ.

"ಅದು ಕಾರಿನ ಗೇರ್ ಅಲ್ಲ ಮಹಾರಾಯ, ನನ್ನ ಕೈ," ಎಂದಳು.

"ಗೇರ್ ಆಗಿದ್ರೆ ಇಷ್ಟು ಕೂಗಾಡ್ತಿರಲಿಲ್ಲ."

ರಾತ್ರಿ ಕರೆದರೆ ಕೇಳಿಸಲಿ ಎಂದು ಸೋಫಾದ ಮೇಲೆ ಮಲಗುತ್ತಿದ್ದೇನೆ. ತಾತ್ಕಾಲಿಕ.


ಫೆಬ್ರವರಿ ೫

ಗ್ಲಾಡ್‌ಹಾರ್ತ್ ಕಂಪನಿಗೆ ಹೃದಯವಿಲ್ಲ ಎಂದವರು ಯಾರು? ಇವತ್ತು ಬಾಗಿಲಿಗೆ ಒಂದು ಪೆಟ್ಟಿಗೆ ಬಂತು. ಒಳಗೆ ಹೊಚ್ಚಹೊಸ ಕುಕ್ಕರ್, ಅದೇ ಮಾದರಿ. ಮೇಲೆ ಕೆಂಪು ರಿಬ್ಬನ್. ಜೊತೆಗೊಂದು ಚೀಟಿ: 'ನಮ್ಮ ಉತ್ಪನ್ನದೊಂದಿಗಿನ ನಿಮ್ಮ ಅನುಭವ ನಿರೀಕ್ಷೆಗೆ ತಕ್ಕಂತೆ ಇರಲಿಲ್ಲವೆಂದು ತಿಳಿದು ವಿಷಾದಿಸುತ್ತೇವೆ.'

ಚೀಟಿಯನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ.

"ನಿನ್ನ ನಿರೀಕ್ಷೆ ಏನಿತ್ತು?" ಎಂದೆ.

"ಸೂಪು," ಎಂದಳು ಜೆನೆವೀವ್.

ಟ್ರೂಡಿಗೆ ಫೋನ್ ಮಾಡಿದರೆ ಅವಳಿಗೆ ಖುಷಿಯೋ ಖುಷಿ. ಮುಟ್ಟಬೇಡಿ, ಸಾಕ್ಷ್ಯ ಅದು ಎಂದಳು. ಗ್ಯಾರೇಜಿನ ಕೊನೆಯ ಮೂಲೆಯಲ್ಲಿ, ಕಾರಿಗೂ ನಮಗೂ ಸಾಕಷ್ಟು ದೂರದಲ್ಲಿ ಇಟ್ಟಿದ್ದೇನೆ.


ಏಪ್ರಿಲ್ ೨೨

ಬರೆಯದೆ ಬಹಳ ದಿನವಾಯಿತು. ಬರೆಯುವಂಥದ್ದೂ ಇರಲಿಲ್ಲ. ಸರೋವರದ ಹಿಮ ಕರಗಿತು. ಬ್ಯಾಂಡೇಜು ಹೋಗಿ ಬಿಗಿಯಾದ ಕಂದು ಬಣ್ಣದ ತೋಳುಚೀಲ ಬಂದಿದೆ, ಕಲೆ ಉಬ್ಬದಂತೆ ಒತ್ತಿ ಹಿಡಿಯಲು. ಹಗಲೂ ರಾತ್ರಿ ಹಾಕಿರಬೇಕು. ಬೆಳಿಗ್ಗೆ ಸಂಜೆ ಮಾತ್ರ ಅದನ್ನು ಕಳಚಿ ಮುಲಾಮು ಹಚ್ಚಿ ಚೆನ್ನಾಗಿ ತಿಕ್ಕಬೇಕು. ತಿಕ್ಕುವವನು ಯಾರೆಂದು ಕೇಳಬೇಕಾಗಿಲ್ಲ.

ಜೆನೆವೀವ್ ಕೆಲಸ ಮಾಡುತ್ತಿದ್ದದ್ದು ಸೂಪರ್‌ಮಾರ್ಕೆಟ್ಟಿನ ಬೇಕರಿಯಲ್ಲಿ, ಕೇಕಿನ ಮೇಲೆ ಹೆಸರು ಬರೆಯುವ ಕೆಲಸ. ಈ ಊರಿನ ಅರ್ಧ ಜನರ ಹುಟ್ಟುಹಬ್ಬ ಅವಳ ಕೈಬರಹದಲ್ಲೇ ಆಗಿದೆ. ಹೋದ ವಾರ ಬೇಕರಿಯವರು ಅವಳ ಏಪ್ರನ್ನನ್ನು ನೀಟಾಗಿ ಮಡಚಿ ಕಳುಹಿಸಿಕೊಟ್ಟರು. ಇವತ್ತು ಅವಳು ಎಡಗೈಯಲ್ಲಿ ಕ್ರೀಮಿನ ಚೀಲ ಹಿಡಿದು ತಟ್ಟೆಯ ಮೇಲೆ ಬರೆಯಲು ಕೂತಳು.

"ನೀನು ಕಾರು ಕಲಿಸ್ತಿದ್ದ ಹುಡುಗರು ಇದಕ್ಕಿಂತ ನೆಟ್ಟಗೆ ಓಡಿಸ್ತಿದ್ರಾ?"

"ಅವರು ಕಂಬಕ್ಕಾದ್ರೂ ಗುದ್ದಿ ನಿಲ್ತಿದ್ರು. ನಿಂದು ತಟ್ಟೆ ಬಿಟ್ಟು ಮೇಜಿಗೇ ಇಳಿದಿದೆ."

ಅವಳು ಇನ್ನೊಂದು ತಟ್ಟೆ ಎಳೆದುಕೊಂಡು ಉಸಿರು ಬಿಗಿಹಿಡಿದು ಬರೆದಳು. 'ಎಲ್ಡನ್ ಕತ್ತೆ.' ಓದಲು ಬರುವಷ್ಟು ಸ್ಪಷ್ಟವಾಗಿತ್ತು. ಸಾಕ್ಷ್ಯ ಉಳಿಯಬಾರದೆಂದು ನಾನು ಪೂರ್ತಿ ತಿಂದುಹಾಕಿದೆ.

ಸಂಜೆ ಡುಲೂತ್‌ನಿಂದ ಅವಳ ಅಕ್ಕ ಮಾರ್ವೆಲ್ ಫೋನ್ ಮಾಡಿದ್ದಳು. ಕೋಣೆಗೆ ಹೊಸ ಬಣ್ಣ ಹೊಡೆಸಿದ್ದೇನೆ, ಯಾವಾಗ ಬರುತ್ತೀಯ ಎಂದು. "ಕೇಸು ಮುಗೀಲಿ ಅಕ್ಕ, ಅಲ್ಲಿವರೆಗೆ ಊರು ಬಿಡೋ ಹಾಗಿಲ್ಲ," ಎಂದಳು ಜೆನೆವೀವ್. ಊರು ಬಿಡಬಾರದೆಂದು ವಕೀಲೆ ಹೇಳಿದ್ದು ನನಗೆ ನೆನಪಿಲ್ಲ. ನನಗೆ ನೆನಪು ಕಡಿಮೆ.


ಜುಲೈ ೧೧

ಇವತ್ತು ಹೇಳಿಕೆಯ ದಿನ, ಅಂದರೆ ವಿಚಾರಣೆಗೆ ಮುಂಚೆಯೇ ಎರಡೂ ಕಡೆಯ ವಕೀಲರೆದುರು ಪ್ರಮಾಣ ಮಾಡಿ ಉತ್ತರ ಹೇಳುವ ದಿನ. ಕಂಪನಿಯ ವಕೀಲ ಹಾಲಿಸ್ಟರ್ ಎಂಬುವನು ಮೆದು ಧ್ವನಿಯ, ಸುಂದರ ಟೈ ಕಟ್ಟಿದ ಮನುಷ್ಯ. ಪ್ರಮಾಣ ಮಾಡಿಸಿದರು. ಬೆರಳಚ್ಚಿನ ಹುಡುಗಿ ಒಂದು ಬದಿಗೆ, ಟ್ರೂಡಿ ಇನ್ನೊಂದು ಬದಿಗೆ, ಜೆನೆವೀವ್ ಮೇಜಿನ ತುದಿಗೆ. ಕೇಳಿದ್ದಕ್ಕಷ್ಟೇ ಉತ್ತರ, ಒಂದಕ್ಷರ ಹೆಚ್ಚಿಗೆ ಬೇಡ ಎಂದು ಟ್ರೂಡಿ ಮೊದಲೇ ತಾಕೀತು ಮಾಡಿದ್ದಳು.

"ಅಪಘಾತಕ್ಕೆ ಮುಂಚೆ ನೀವಿಬ್ಬರೂ ದಿನಕ್ಕೆ ಎಷ್ಟು ಹೊತ್ತು ಮಾತಾಡ್ತಿದ್ರಿ ಸರ್?"

"ಹವಾಮಾನ ಕೆಟ್ಟಿದ್ರೆ ಸ್ವಲ್ಪ ಹೆಚ್ಚು."

"ಒಂದೇ ಕೋಣೇಲಿ ಮಲಗ್ತಿದ್ರಾ?"

"ಇಲ್ಲ."

"ಬೇರೆ ಆಗೋ ಯೋಚನೆ ಏನಾದ್ರೂ ಇತ್ತಾ?"

ಟ್ರೂಡಿ ಆಕ್ಷೇಪಣೆ ಎತ್ತಿದಳು. ಅದನ್ನು ಬರೆದುಕೊಂಡರು. ಬರೆದುಕೊಂಡ ಮೇಲೂ ಉತ್ತರ ಹೇಳಲೇಬೇಕಂತೆ. ಹಾಗಾದರೆ ಆಕ್ಷೇಪಣೆ ಯಾಕೋ.

"ಇತ್ತು," ಎಂದೆ. "ಜನವರಿಗೆ ಹೋಗೋಳಿದ್ಲು."

ಹಾಲಿಸ್ಟರ್ ಮುಖದಲ್ಲಿ ದೀಪ ಹೊತ್ತಿಕೊಂಡಿತು. "ಈಗ ಹೇಗಿದ್ದೀರಿ ಸರ್?"

"ಈಗ ಬೆಳಿಗ್ಗೆ ಸಂಜೆ ಕೈ ತಿಕ್ತೀನಲ್ಲ, ಆವಾಗ ಮಾತಾಡ್ತೀವಿ. ಹೆಚ್ಚಾಗಿ ಅವಳು ಬೈತಾಳೆ. ನಾನು ಅಡುಗೆ ಮಾಡ್ತೀನಿ, ಅದಕ್ಕೂ ಬೈತಾಳೆ. ಶುಕ್ರವಾರ ಮೀನು ತಿನ್ನೋಕೆ ಹೊರಗೆ ಹೋಗ್ತೀವಿ, ಅವಳಿಗೆ ಫೋರ್ಕ್ ಹಿಡಿಯೋಕಾಗಲ್ಲ ಅಂತ ನಾನು ಮುಳ್ಳು ಬಿಡಿಸಿಕೊಡ್ತೀನಿ."

"ಅಂದರೆ ಅಪಘಾತದ ನಂತರ ನಿಮ್ಮ ಸಹವಾಸ ಹೆಚ್ಚಿದೆ. ನಷ್ಟ ಅಲ್ಲ, ಲಾಭ. ಹೌದೋ ಅಲ್ವೋ?"

ಟ್ರೂಡಿ ಕಣ್ಣು ಮುಚ್ಚಿಕೊಂಡಳು. ಪ್ರಮಾಣ ಮಾಡಿದ್ದೆ. ಹೌದು ಎಂದೆ. ಆಮೇಲೆ, ಕೇಳದಿದ್ದರೂ, ಇನ್ನೊಂದು ಮಾತು ಸೇರಿಸಿದೆ: "ನಿಮ್ಮ ಮನೇಲೂ ಮಾತು ಕಮ್ಮಿ ಇದ್ರೆ ಒಂದು ಕುಕ್ಕರ್ ತಗೊಂಡು ಹೋಗಿ ಸರ್. ನಮ್ಮ ಗ್ಯಾರೇಜಲ್ಲಿ ಒಂದು ಹೊಸದು ಇದೆ, ರಿಬ್ಬನ್ ಕೂಡ ಬಿಚ್ಚಿಲ್ಲ."

ಬೆರಳಚ್ಚಿನ ಹುಡುಗಿ ಟೈಪು ಮಾಡುವುದನ್ನು ನಿಲ್ಲಿಸಿ ತಲೆ ತಗ್ಗಿಸಿದಳು. ಭುಜ ಕುಲುಕುತ್ತಿತ್ತು.

ವಾಪಸು ಬರುವಾಗ ಕಾರು ಸೇತುವೆ ದಾಟಿತು. "ಲಾಭ ಅಂತೆ," ಎಂದಳು ಜೆನೆವೀವ್.

"ಇನ್ನೇನು ಹೇಳ್ಲಿ? ಪ್ರಮಾಣ ಮಾಡಿದ್ದೆನಲ್ಲ."

"ಮದುವೇಲೂ ಮಾಡಿದ್ದೆ."

ರೇಡಿಯೋ ಹಾಕಿದೆ.


ಆಗಸ್ಟ್ ೩

ಕಂಪನಿಯ ಹೊಸ ವಾದ ಬಂದಿದೆ. ಮುಚ್ಚಳದಲ್ಲಿ ದೋಷವಿಲ್ಲ, ದೋಷವಿರುವುದು ನಮ್ಮ ಸಂಸಾರದಲ್ಲಂತೆ. ಗಂಡನ ಮೇಲಿನ ಸಿಟ್ಟಿನಲ್ಲಿ ಜೆನೆವೀವ್ ಮುಚ್ಚಳವನ್ನು ಬಲವಂತವಾಗಿ ತಿರುಗಿಸಿದಳಂತೆ. ನನ್ನ ಹೇಳಿಕೆಯಿಂದಲೇ ಎತ್ತಿದ್ದಾರೆ. ನನ್ನ ಮಾತಿಗೆ ಕೊನೆಗೂ ಯಾರೋ ಬೆಲೆ ಕೊಟ್ಟರು.

ಮಧ್ಯಾಹ್ನವೇ ಟ್ರೂಡಿಯ ಕಚೇರಿಗೆ ಹೋದೆ.

"ಕೇಸಿಂದ ನನ್ನ ಹೆಸರು ತೆಗೆದುಹಾಕಿ."

"ಸರ್, ಪಕ್ಕದಲ್ಲಿ ನೊಂದ ಗಂಡ ಒಬ್ಬ ಇದ್ರೆ ಜೂರಿಗೆ ಕರುಣೆ ಬರತ್ತೆ."

"ಗಂಡ ಬಂದು ಕೂತಿರ್ತಾನೆ. ನೊಂದಿದ್ದಕ್ಕೆ ದುಡ್ಡು ಕೇಳಲ್ಲ, ಅಷ್ಟೇ."

"ಮೇಡಂನ ಕೇಳಿದ್ರಾ?"

ಕೇಳಿರಲಿಲ್ಲ. ಮನೆಗೆ ಬಂದು ಹೇಳಿದೆ. ಜೆನೆವೀವ್ ಎಡಗೈಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಆಲೂಗಡ್ಡೆಗಿಂತ ಸಿಪ್ಪೆಯೇ ಹೆಚ್ಚು ಹೋಗುತ್ತಿತ್ತು.

"ಹಾಗಾದ್ರೆ ನಿಂಗೆ ನನ್ನಿಂದ ಏನೂ ನಷ್ಟ ಆಗಿಲ್ಲ," ಎಂದಳು.

"ಆಗಿದೆ. ಲೆಕ್ಕ ಹೇಳೋಕೆ ಆ ಟೈ ಕಟ್ಟಿದೋನು ಯಾವನು?"

ಅವಳು ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಯಾಕೆಂದು ಗೊತ್ತಾಗಲಿಲ್ಲ. ಚಾಕು ಕೊಡು ಎಂದು ನಾನೇ ಇಸಿದುಕೊಂಡೆ.


ಮಾರ್ಚ್ ೨, ಮರುವರ್ಷ

ಕಂಪನಿ ರಾಜಿಗೆ ಬಂದಿದೆ. ಮೊತ್ತ ಚೆನ್ನಾಗಿಯೇ ಇದೆ, ಟ್ರೂಡಿ ಅದನ್ನು ಹೇಳುವಾಗ ಎದ್ದು ನಿಂತಳು. ಷರತ್ತು ಒಂದೇ. ಕುಕ್ಕರಿನ ಬಗ್ಗೆ, ಕೈಯ ಬಗ್ಗೆ, ರಾಜಿಯ ಬಗ್ಗೆ ಜೆನೆವೀವ್ ಯಾರ ಹತ್ತಿರವೂ, ಯಾವತ್ತೂ ಬಾಯಿ ಬಿಡಬಾರದು.

"ಯಾರಾದ್ರೂ ಕೈಗೇನಾಯ್ತು ಅಂತ ಕೇಳಿದ್ರೆ?"

"ಮನೇಲಿ ಅಪಘಾತ ಆಯ್ತು ಅಂತ ಹೇಳ್ಬಹುದು ಮೇಡಂ. ಅದಕ್ಕಿಂತ ಹೆಚ್ಚಿಗೆ ಆಗಲ್ಲ."

"ಇದೇ ಕುಕ್ಕರ್ ಇನ್ನೂ ಅಂಗಡೀಲಿ ಇದ್ಯಾ?"

ಟ್ರೂಡಿ, ಇದೆ ಎಂದಳು. ಇನ್ನೂ ಕೆಲವರು ಸುಟ್ಟುಕೊಂಡಿದ್ದಾರೆ, ಅವರಲ್ಲಿ ಬಹಳ ಜನ ಇಂಥದ್ದೇ ರಾಜಿಗೆ ಸಹಿ ಮಾಡಿದ್ದಾರೆ, ಅದಕ್ಕೇ ನಮಗೆ ಅವರು ಸಾಕ್ಷಿ ಹೇಳಲು ಸಿಗುತ್ತಿಲ್ಲ ಎಂದಳು. ಜಾಣ ವ್ಯಾಪಾರ. ಕುಕ್ಕರು ಮಾರುತ್ತಾರೆ, ಮೌನ ಕೊಳ್ಳುತ್ತಾರೆ.

ನಾನು ನಡುವೆ ಬಾಯಿ ಹಾಕಲಿಲ್ಲ. ಅವಳ ಕೈ, ಅವಳ ತೀರ್ಮಾನ. ನಿಜ ಹೇಳಬೇಕೆಂದರೆ ಆ ಹಣ ಸಿಕ್ಕರೆ ಅವಳು ಡುಲೂತ್‌ನಲ್ಲಿ ಅಕ್ಕನ ಹಂಗಿಲ್ಲದೆ ಸ್ವಂತ ಮನೆ ಮಾಡಿಕೊಳ್ಳಬಹುದು, ಇವತ್ತೇ. ಅದನ್ನೂ ಹೇಳಲಿಲ್ಲ.

ಜೆನೆವೀವ್ ಕಾಗದವನ್ನು ಟ್ರೂಡಿಯ ಕಡೆ ತಳ್ಳಿದಳು. "ಬಾಯಿ ಮುಚ್ಕೊಂಡಿರೋ ಕೆಲಸ ಈ ಮನೇಲಿ ಎಷ್ಟೋ ವರ್ಷ ಬಿಟ್ಟಿ ಮಾಡಿದೀನಮ್ಮ. ಅದೇನು ಸುಖ ಅಂತ ನಂಗೆ ಗೊತ್ತು. ಈಗ ಸಂಬಳಕ್ಕೆ ಮತ್ತೆ ಸೇರಲ್ಲ."

ಟ್ರೂಡಿ ಹೋದ ಮೇಲೆ ನಾನು ಪಾತ್ರೆ ತೊಳೆದೆ. ಬಹಳ ಹೊತ್ತು ತೊಳೆದೆ ಎಂದು ಕಾಣುತ್ತದೆ. "ತಳ ಸವೆದುಹೋಗತ್ತೆ ಬಾ," ಎಂದು ಅವಳೇ ಬಂದು ನಲ್ಲಿ ನಿಲ್ಲಿಸಿದಳು.


ಅಕ್ಟೋಬರ್ ೮

ವಿಚಾರಣೆ ಶುರುವಾಗಿದೆ. ಇವತ್ತು ಕಂಪನಿಯ ಉಪಾಧ್ಯಕ್ಷ ಸಾಕ್ಷಿ ಕಟ್ಟೆಗೆ ಬಂದ. ಗ್ರಾಹಕ ಸಂತೋಷ ವಿಭಾಗದ ಉಪಾಧ್ಯಕ್ಷ. ಹಾಗೊಂದು ಹುದ್ದೆ ನಿಜವಾಗಿಯೂ ಇದೆ.

ಟ್ರೂಡಿ ಕೇಳಿದಳು: "ಒತ್ತಡ ಇರುವಾಗಲೇ ಮುಚ್ಚಳ ತೆರೆದುಕೊಳ್ಳುತ್ತೆ ಅಂತ ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ?"

"'ತೆರೆದುಕೊಳ್ಳುತ್ತೆ' ಅನ್ನೋ ಪದ ನಾವು ಬಳಸಲ್ಲ."

"ಯಾವ ಪದ ಬಳಸ್ತೀರಿ?"

"ಮುಚ್ಚಳದ ಅಕಾಲಿಕ ಬಿಡುಗಡೆ."

ಜೂರಿಯಲ್ಲಿದ್ದ ಒಬ್ಬ ಮುದುಕ ತನ್ನ ಕಿವಿಯ ಯಂತ್ರ ಸರಿಮಾಡಿಕೊಂಡ.

"ಆ ಬಿಡುಗಡೆ ಬಗ್ಗೆ ಗೊತ್ತಾದಾಗ ಏನು ಮಾಡಿದ್ರಿ?"

"ಕೈಪಿಡಿಯಲ್ಲಿ ಎಚ್ಚರಿಕೆಯ ಅಕ್ಷರಗಳನ್ನ ದೊಡ್ಡದು ಮಾಡಿದ್ವಿ."

"ಮುಚ್ಚಳಾನ?"

"ಮುಚ್ಚಳ ಬದಲಾಯಿಸೋದು ಆ ವರ್ಷದ ಯೋಜನೆಯಲ್ಲಿ ಇರಲಿಲ್ಲ."

ಅವನು ಕೆಟ್ಟವನ ಹಾಗೆ ಕಾಣಲಿಲ್ಲ. ಇಳಿದು ಹೋಗುವಾಗ ಜೆನೆವೀವ್ ತೋಳಿನ ಕಡೆ ಒಮ್ಮೆ ನೋಡಿ ಬೇಗ ಕಣ್ಣು ತೆಗೆದ. ಅವನ ಮನೆಯಲ್ಲಿ ಯಾವ ಕುಕ್ಕರಿದೆಯೋ.


ಅಕ್ಟೋಬರ್ ೧೦

ಇವತ್ತು ಜೆನೆವೀವ್ ಸರದಿ. ನೀಲಿ ಉಡುಪು. ಬೆನ್ನಿನ ಗುಂಡಿ ಅವಳಿಗೆ ಎಟಕುವುದಿಲ್ಲ, ನಾನು ಹಾಕಿದೆ. ಒಂದು ಗುಂಡಿ ತಪ್ಪು ತೂತಿಗೆ ಹೋಗಿತ್ತು. ನ್ಯಾಯಾಲಯದ ಮೆಟ್ಟಿಲ ಮೇಲೆ ಕಂಡು ಸರಿಮಾಡಿದೆ.

ಹಾಲಿಸ್ಟರ್ ಪಾಟೀಸವಾಲು ಬಹಳ ವಿನಯದ್ದು. "ಮೇಡಂ, ನೀವು ಮುಚ್ಚಳಾನ ಜೋರಾಗಿ ತಿರುಗಿಸಿದ್ರಿ ಅಲ್ವಾ?"

"ತಿರುಗಿಸಿದೆ. ತಿರುಗ್ತು. ತಿರುಗಬಾರದು ಅಂದ್ರೆ ಅದಕ್ಕೆ ಹಿಡಿ ಯಾಕೆ ಇಟ್ರಿ?"

"ಮನೇಲಿ ಮಾತುಕತೆ ಇರ್ಲಿಲ್ಲ, ನೀವು ಹೊರಟು ಹೋಗೋರಿದ್ರಿ ಅಂತ ನಿಮ್ಮ ಪತಿಯೇ ಹೇಳಿದಾರೆ. ಅಂಥ ಮನಸ್ಥಿತೀಲಿ ನಿಮ್ಮ ಗಮನ ಕುಕ್ಕರ್ ಮೇಲೆ ಇರೋಕೆ ಸಾಧ್ಯಾನಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಕಾರು ಕಲಿಸುವಾಗ ನನ್ನ ಕಾಲಡಿ ಇನ್ನೊಂದು ಬ್ರೇಕ್ ಇರುತ್ತಿತ್ತು. ಆ ಬೆಂಚಿನ ಕೆಳಗೆ ಇರಲಿಲ್ಲ, ಆದರೂ ಒತ್ತಿದೆ.

"ಸ್ವಾಮಿ," ಎಂದಳು ಜೆನೆವೀವ್, "ಮನೇಲಿ ಮಾತಾಡೋರು ಯಾರೂ ಇಲ್ಲ ಅಂದ್ರೆ ಗಮನ ಕುಕ್ಕರ್ ಮೇಲಲ್ದೆ ಇನ್ನೆಲ್ಲಿರತ್ತೆ? ಅದಾದ್ರೂ ಸದ್ದು ಮಾಡ್ತಿತ್ತು."

ಜೂರಿಯವರು ನಕ್ಕರು. ನ್ಯಾಯಾಧೀಶೆಯೂ ನಕ್ಕು ಅದನ್ನು ಕೆಮ್ಮಾಗಿ ಬದಲಾಯಿಸಿಕೊಂಡಳು. ನನಗೆ ನಗು ಬರಲಿಲ್ಲ.

ಆಮೇಲೆ ಟ್ರೂಡಿ ತೋಳುಚೀಲ ಕಳಚಲು ಹೇಳಿದಳು. ಅದು ಅವಳಿಗೆ ಒಂಟಿ ಕೈಯಲ್ಲಿ ಆಗುವುದಿಲ್ಲ. ಆಗುವುದಿಲ್ಲ ಎಂದು ನನಗೆ ಗೊತ್ತು, ಆ ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎದ್ದು ಹೋಗಿಬಿಟ್ಟೆ. ಪೇದೆ ತಡೆಯಲು ಬಂದ, ನ್ಯಾಯಾಧೀಶೆ ಕೈ ಎತ್ತಿ ಬಿಡು ಎಂದಳು. ದಿನಾ ಮಾಡುವ ಹಾಗೆ ಬೆರಳಿನ ಕಡೆಯಿಂದ ಸಡಿಲಿಸಿ ನಿಧಾನವಾಗಿ ಎಳೆದೆ. "ಮೆಲ್ಲಗೆ," ಎಂದಳು ಅವಳು, ನನಗೆ ಮಾತ್ರ ಕೇಳುವಂತೆ. ಹಾಲಿಸ್ಟರ್ ಆಕ್ಷೇಪಣೆ ಎತ್ತುವುದನ್ನು ಮರೆತ.


ಅಕ್ಟೋಬರ್ ೧೫

ತೀರ್ಪು ಬಂತು. ತಪ್ಪನ್ನು ಪಾಲು ಹಾಕಿದ್ದಾರೆ. ನೂರರಲ್ಲಿ ತೊಂಬತ್ತು ಕಂಪನಿಯದು, ಹತ್ತು ಜೆನೆವೀವ್‌ದು. ಸೂಪ್ ಬೇಕೆನಿಸಿದ್ದಕ್ಕೆ ಹತ್ತು. ಅಷ್ಟೇ ತಾನೇ, ನಾನು ಎಷ್ಟೋ ಹುಡುಗರನ್ನು ಇದಕ್ಕಿಂತ ದೊಡ್ಡ ತಪ್ಪಿಗೆ ಪಾಸು ಮಾಡಿದ್ದೇನೆ. ತೀರ್ಪನ್ನು ಗೌರವಿಸುತ್ತೇವೆ, ಒಪ್ಪುವುದಿಲ್ಲ, ಸುರಕ್ಷತೆ ನಮ್ಮ ಪರಂಪರೆ ಎಂದು ಕಂಪನಿ ಹೇಳಿಕೆ ಕೊಟ್ಟಿದೆ.

ಹೊರಗೆ ಒಬ್ಬ ಪತ್ರಕರ್ತೆ ಮೈಕು ಹಿಡಿದಳು. ಜೆನೆವೀವ್ ಕುಕ್ಕರಿನ ಮಾದರಿಯ ಹೆಸರನ್ನು ಬಿಡಿಸಿ ಬಿಡಿಸಿ ಎರಡು ಸಲ ಹೇಳಿದಳು. "ಮನೇಲಿದ್ರೆ ಪ್ಲಗ್ ಕಿತ್ತಿಡಿ," ಎಂದಳು.


ನವೆಂಬರ್ ೧೯

ಗ್ಲಾಡ್‌ಹಾರ್ತ್ ಆ ಮಾದರಿಯ ಕುಕ್ಕರುಗಳನ್ನೆಲ್ಲ ವಾಪಸು ಕರೆಸಿಕೊಳ್ಳುತ್ತಿದೆ. ಸ್ವಯಂಪ್ರೇರಣೆಯಿಂದ ಎಂದು ಪ್ರಕಟಣೆಯಲ್ಲಿದೆ. ಹನ್ನೆರಡು ಜನ ಜೂರಿಗಳು ಸೇರಿ ಪ್ರೇರಣೆ ಕೊಟ್ಟ ಮೇಲೆ ಹುಟ್ಟಿದ ಸ್ವಯಂಪ್ರೇರಣೆ. ಮೇಲ್ಮನವಿಯನ್ನೂ ಹಾಕಿದ್ದಾರೆ, ಅದು ತೆವಳುತ್ತಿರಲಿ.

ಇವತ್ತು ಡಾಕ್ಟರ ಹತ್ತಿರ ಹೋಗಿದ್ದೆವು. ಕೈ ತಿರುಗಿಸಿ ನೋಡಿ, ಕಲೆ ಪೂರ್ತಿ ಮಾಗಿದೆ, ತೋಳುಚೀಲ ಇನ್ನು ಬೇಡ, ತಿಕ್ಕುವುದೂ ಬೇಡ ಎಂದರು. ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ, ಅದು ಹಾಗೆಯೇ. "ಸರ್‌ಗೆ ಇನ್ನು ರಜೆ," ಎಂದು ನನ್ನ ಬೆನ್ನು ತಟ್ಟಿದರು. ಒಳ್ಳೆಯ ಸುದ್ದಿ. ಒಳ್ಳೆಯ ಸುದ್ದಿಯೇ. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಹವಾಮಾನ ಚೆನ್ನಾಗಿತ್ತು.

ಮನೆಗೆ ಬರುವಷ್ಟರಲ್ಲಿ ಮಾರ್ವೆಲ್ ಫೋನು. ಕೇಸೂ ಮುಗಿಯಿತು, ಕೈಯೂ ಆಯಿತು, ಇನ್ನೇನು ನೆಪ ಎಂದು ಕೇಳುವುದು ನನಗೂ ಕೇಳಿಸುತ್ತಿತ್ತು. "ಹೇಳ್ತೀನಿ ಅಕ್ಕ," ಎಂದು ಇಟ್ಟಳು ಜೆನೆವೀವ್.

ಊಟವಾಯಿತು. ಎಂದಿನ ಹೊತ್ತಿಗೆ ನಾನು ಕೈ ತೊಳೆದು ಒರೆಸಿಕೊಂಡೆ, ಆಮೇಲೆ ಯಾಕೆ ತೊಳೆದೆ ಎಂದು ಹೊಳೆಯಿತು. ಅವಳು ಟಿವಿ ನೋಡುತ್ತಿದ್ದಳು. ಕರೆದರೆ ಕೇಳಿಸಬೇಕು ಎನ್ನುವ ಕಾರಣ ಇನ್ನಿಲ್ಲವಲ್ಲ. ಸೋಫಾದ ಮೇಲಿನ ದಿಂಬು, ಹೊದಿಕೆ ಎತ್ತಿಕೊಂಡು ನೆಲಮಾಳಿಗೆಗೆ ಇಳಿದೆ. ಹಾಸಿಗೆ ಮುಗ್ಗಲು ಹಿಡಿದಿತ್ತು. ಮನುಷ್ಯರು ಮಲಗುವ ಜಾಗವೇ ಅಲ್ಲ.

"ಎಲ್ಡನ್!"

ಮೆಟ್ಟಿಲ ಮೇಲಿನಿಂದ ಅವಳೇ.

"ಏನು?"

"ಬೆನ್ನು ಉರೀತಾ ಇದೆ ಕಣೋ. ಆ ಮುಲಾಮು ತಗೊಂಡು ಬಾ."

ಅವಳ ಬೆನ್ನು ಸುಟ್ಟಿರಲೇ ಇಲ್ಲ. ಆಸ್ಪತ್ರೆಯ ಕಾಗದಗಳೆಲ್ಲ ನನಗೆ ಬಾಯಿಪಾಠ, ಬೆನ್ನಿನ ಸುದ್ದಿ ಒಂದು ಕಡೆಯೂ ಇಲ್ಲ. ಆದರೆ ನಾನೀಗ ವಾದಿಯಲ್ಲ, ಸಾಕ್ಷಿಯಲ್ಲ, ಯಾರ ಮುಂದೆಯೂ ಪ್ರಮಾಣ ಮಾಡಿಲ್ಲ.

"ಎಲ್ಲಿ ಉರೀತಿದೆ?" ಎಂದೆ, ಮೇಲೆ ಹೋಗಿ.

"ಎಲ್ಲಾ ಕಡೆ," ಎಂದಳು. "ದಿಂಬು ಯಾಕೆ ಕೆಳಗೆ ಬಿಟ್ಟು ಬಂದೆ?"

ಮತ್ತೆ ಇಳಿದು ತಂದೆ. ಈ ವಯಸ್ಸಿನಲ್ಲಿ ಎಷ್ಟು ಸಲ ಹತ್ತಿಳಿಯುವುದು.